ಹಳೆಯ ಕರಾರನ್ನೇ ತಿದ್ದಬಹುದಿತ್ತಲ್ಲ ಎಂಬ ಪ್ರಶ್ನೆಗೆ

13 ರಾಜ್ಯಗಳನ್ನು ಒಂದುಗೂಡಿಸಲು 1781ರಲ್ಲೇ ಜಾರಿಗೆ ಬಂದಿದ್ದ ಒಕ್ಕೂಟದ ಕರಾರನ್ನು (ಆರ್ಟಿಕಲ್ಸ್ ಆಫ್ ಕಾನ್ಫೆಡರೇಷನ್) ತಿದ್ದಿಕೊಳ್ಳದೆ ಅಮೆರಿಕನ್ನರು 1787ರಲ್ಲಿ ಹೊಸ ಸಂವಿಧಾನವನ್ನೇ ಏಕೆ ಬರೆದರು ಎಂದು ಕೇಳಿದ್ದೀರಿ. ತಿದ್ದಲು ಅವರು ಪ್ರಯತ್ನಪಟ್ಟಿದ್ದರು, ಆದರೆ ಆಗಲಿಲ್ಲ. ಆ ಕರಾರಿನಡಿ ಒಕ್ಕೂಟದ ಕೇಂದ್ರ ಸಭೆಯಾಗಿದ್ದ ಕಾಂಗ್ರೆಸ್ಸಿಗೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ; ಹಣಕ್ಕಾಗಿ ರಾಜ್ಯಗಳ ಮುಂದೆ ಕೈಯೊಡ್ಡಬೇಕಿತ್ತು. ಸ್ವಾತಂತ್ರ್ಯ ಯುದ್ಧದ ಸಾಲ ತೀರಿಸಲು ಆಮದು ಸರಕಿನ ಮೇಲೆ ಶೇಕಡಾ 5ರಷ್ಟು ಸುಂಕ ಕೇಳಿದರೆ, 1782ರಲ್ಲಿ ರೋಡ್ ಐಲೆಂಡ್ ಒಲ್ಲೆ ಎಂದಿತು. 13 ರಾಜ್ಯಗಳೂ ಒಪ್ಪದೆ ಆ ಕರಾರಿನ ಒಂದಕ್ಷರವನ್ನೂ ಬದಲಿಸುವಂತಿರಲಿಲ್ಲ. ಎರಡನೆಯ ಯತ್ನ ನ್ಯೂಯಾರ್ಕಿನಿಂದಾಗಿ ಮುರಿದುಬಿತ್ತು. 1786ರಲ್ಲಿ ಮ್ಯಾಸಚೂಸೆಟ್ಸಿನ ರೈತರು ಸಾಲ, ತೆರಿಗೆಗಳಿಂದ ಬೇಸತ್ತು ದಂಗೆಯೆದ್ದರು. ಬರಿಗೈಯ ಕಾಂಗ್ರೆಸ್ಸಲ್ಲ, ಅದನ್ನು ಅಡಗಿಸಿದ ಪಡೆಗೆ ಹಣ ಕೊಟ್ಟವರು ಬಾಸ್ಟನ್ನಿನ ವರ್ತಕರು!

ನನ್ನ ಮಟ್ಟಿಗೆ ಇಡೀ ಹೊಸ ಸಂವಿಧಾನದಲ್ಲಿ ಅತ್ಯಂತ ದಿಟ್ಟ ಭಾಗವೆಂದರೆ 7ನೇ ವಿಧಿ. 9 ರಾಜ್ಯಗಳು ಅನುಮೋದಿಸಿದರೆ ಸಾಕು, ಅವುಗಳ ನಡುವೆ ಸಂವಿಧಾನ ಜಾರಿಗೆ ಬರುತ್ತದೆ ಎಂದು ಅದು ಹೇಳುತ್ತದೆ. ಒಂದೇ ರಾಜ್ಯ ಎಲ್ಲರನ್ನೂ ತಡೆದು ನಿಲ್ಲಿಸುವ ಕಾಲ ಅಲ್ಲಿಗೆ ಮುಗಿಯಿತು. 1788ರ ಜೂನ್ 21ರಂದು ನ್ಯೂ ಹ್ಯಾಂಪ್‌ಶೈರ್ ಒಂಬತ್ತನೆಯದಾಯಿತು. ಸಂವಿಧಾನವನ್ನು ಬರೆದ ಫಿಲಡೆಲ್ಫಿಯಾ ಸಭೆಗೆ ಪ್ರತಿನಿಧಿಗಳನ್ನೇ ಕಳುಹಿಸದಿದ್ದ ರೋಡ್ ಐಲೆಂಡ್, ವಾಷಿಂಗ್ಟನ್ ಅಧ್ಯಕ್ಷರಾಗಿ ವರ್ಷ ಕಳೆದ ಮೇಲೆ, 1790ರ ಮೇ 29ರಂದು ಕೇವಲ 2 ಮತಗಳ ಅಂತರದಿಂದ ಒಪ್ಪಿಗೆ ಕೊಟ್ಟಿತು.