ಮಂಡ್ಯ ಟೈಮಿನಲ್ಲೇ ಓಡುತ್ತಿದ್ದ ವಾಚು

ಅಕ್ಟೋಬರ್ ಬಂತೆಂದರೆ, ಆಪ್ತಸಲಹೆ ಕೊಡುವ ಕೆಲಸದ ನನಗೆ ಹೊರದೇಶದಿಂದ ಕರೆಗಳು ಶುರುವಾಗುತ್ತವೆ. ಮೈಸೂರು, ಮಂಡ್ಯ ಕಡೆಯಿಂದ ಜರ್ಮನಿಗೆ ಓದಲು ಹೋದ ಮಕ್ಕಳು. ಅಲ್ಲಿ ಚಳಿಗಾಲದ ಸೆಮಿಸ್ಟರ್ ಶುರುವಾಗುವ ತಿಂಗಳು ಅದು. ಎಲ್ಲರ ಮಾತೂ ಹೆಚ್ಚುಕಡಿಮೆ ಒಂದೇ. "ಮೇಡಂ, ನನ್ನ ಕೈಲಿ ಆಗ್ತಿಲ್ಲ, ವಾಪಸ್ ಬಂದ್ಬಿಡ್ತೀನಿ." ಅವರಲ್ಲಿ ಒಬ್ಬಳ ಕಥೆಯನ್ನು, ಅವಳ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಬದಲಾಯಿಸಿ ಇಲ್ಲಿ ಬರೆದಿದ್ದೇನೆ.

ಪಾಂಡವಪುರ ಕಡೆಯ ಹುಡುಗಿ. ಒಂದಿಷ್ಟು ಜಮೀನು, ಕಬ್ಬು, ಒಂದು ಪಂಪ್‌ಸೆಟ್. ವೀಸಾಕ್ಕೆಂದು ಬ್ಲಾಕ್ಡ್ ಅಕೌಂಟಿನಲ್ಲಿ 11,904 ಯೂರೋ ಇಡಬೇಕಿತ್ತು. ಅದಕ್ಕೆ ಅಪ್ಪ ಜಮೀನಿನ ಮೇಲೆ ಸಾಲ ತೆಗೆದಿದ್ದರು. ಅಲ್ಲಿ ಆ ದುಡ್ಡು ತಿಂಗಳಿಗೆ 992ರಂತೆ ಕೈಗೆ ಬರುತ್ತದೆ. ಅವಳು ಇಳಿದದ್ದು ಶನಿವಾರ ರಾತ್ರಿ. ಮಾರನೇ ದಿನ ಭಾನುವಾರ, ಅಂಗಡಿಗಳೆಲ್ಲ ಬಂದ್. ಮೊದಲ ದಿನ ಅವ್ವ ಕಟ್ಟಿಕೊಟ್ಟ ಚಟ್ನಿಪುಡಿ ಮತ್ತು ಬಿಸ್ಕೆಟ್‌ನಲ್ಲೇ ಕಳೆಯಿತು.

ಹನ್ನೊಂದನೇ ದಿನ ವಿಡಿಯೊ ಕಾಲ್ ಮಾಡಿದಳು. ಮಾತಿನ ಮಧ್ಯೆ ಕೈ ನೋಡಿಕೊಂಡು, "ಐದು ಗಂಟೆ ಆಯ್ತು, ಅವ್ವ ಹಾಲು ಕರೆಯೋ ಹೊತ್ತು" ಅಂದಳು. ನನ್ನ ಗೋಡೆ ಗಡಿಯಾರದಲ್ಲೂ ಐದೇ.

"ಅಲ್ಲಿ ಎಷ್ಟು ಗಂಟೆ ಈಗ?" ಅಂತ ಕೇಳಿದೆ.

ಅವಳು ಲೆಕ್ಕ ಹಾಕಬೇಕಾಯಿತು. "ಒಂದೂವರೆ."

ಹೊರಡುವ ಮುಂಚೆ ಅಪ್ಪ ದೇವರಾಜ ಅರಸು ರಸ್ತೆಯಲ್ಲಿ ಕೊಡಿಸಿದ ವಾಚು ಅದು. ಅದರ ಮುಳ್ಳನ್ನು ಅವಳು ಮುಟ್ಟೇ ಇರಲಿಲ್ಲ. ದಿನ ಹೇಗೆ ಕಳೀತೀಯ ಅಂತ ಒಂದೊಂದಾಗಿ ಕೇಳುತ್ತಾ ಹೋದೆ. ಸಂಜೆ ಆರೂವರೆಗೆ ಮಲಗುತ್ತಾಳೆ, ನಮಗೆ ಆಗ ಹತ್ತು ಗಂಟೆ. ಹತ್ತೂವರೆಗೆ ಅಲಾರಾಂ ಇಟ್ಟು ಏಳುತ್ತಾಳೆ. ನಮ್ಮ ಕಡೆ ಆಗ ರಾತ್ರಿ ಎರಡು. ಆ ವಾರ ಪಂಪ್‌ಸೆಟ್‌ಗೆ ರಾತ್ರಿ ಪಾಳಿಯ ಕರೆಂಟು, ಅಪ್ಪ ನೀರು ಕಟ್ಟಲು ಹೋಗುವ ಹೊತ್ತು. ಮತ್ತೆ ಮಲಗಿದರೆ ಒಂದೂವರೆಗೆ ಅವ್ವನ ಫೋನು. "ಉಂಡ್ಯಾ ಮಗ?" "ಉಂಡೆ ಅವ್ವ."

ಉಂಡಿರುತ್ತಿರಲಿಲ್ಲ. ಎರಡನೇ ದಿನ ರಾತ್ರಿ ಎರಡಕ್ಕೆ ಹಸಿವಾಗಿ ಹಾಸ್ಟೆಲಿನ ಅಡುಗೆಮನೆಯಲ್ಲಿ ಕುಕ್ಕರ್ ಇಟ್ಟಿದ್ದಳು. ಒಂದು ವಿಶಲ್ ಆಗುವಷ್ಟರಲ್ಲಿ ಪಕ್ಕದ ರೂಮಿನವರು ಬಂದು ಬಾಗಿಲು ಬಡಿದರು. ಅಲ್ಲಿ ರಾತ್ರಿ ಹತ್ತರ ಮೇಲೆ ಸದ್ದು ಮಾಡಬಾರದು. ಆಮೇಲೆ ಅವಳು ಅಡುಗೆಮನೆ ಕಡೆಗೇ ಹೋಗಿಲ್ಲ. ಇಡೀ ಹಾಸ್ಟೆಲು ಸೇರಿ ಅಡುಗೆ ಮಾಡಿ, ಹರಟೆ ಹೊಡೆದು ಉಣ್ಣುವ ಆರೂವರೆಗೆ ಇವಳು ಮುಸುಕು ಹಾಕಿಕೊಂಡು ಮಲಗಿರುತ್ತಿದ್ದಳು. ಎದ್ದಾಗ ಮಾತಾಡಿಸಲು ಯಾರೂ ಇಲ್ಲ. "ಇಲ್ಲಿನ ಜನ ಮಾತೇ ಆಡಲ್ಲ ಮೇಡಂ" ಅನ್ನುತ್ತಿದ್ದಳು.

"ವಾಚು ಯಾಕೆ ತಿರುಗಿಸಲಿಲ್ಲ?"

ತುಂಬಾ ಹೊತ್ತು ಸುಮ್ಮನಿದ್ದಳು. "ತಿರುಗಿಸಿದ್ರೆ ಅಪ್ಪ ಒಬ್ರೇ ಗದ್ದೆಗೆ ಹೋದಂಗಾಗುತ್ತೆ ಮೇಡಂ."

ಇಷ್ಟು ವರ್ಷ ಈ ಕೆಲಸ ಮಾಡಿದ್ದರೂ ಆ ಮಾತು ಕೇಳಿ ನನಗೂ ಗಂಟಲು ಕಟ್ಟಿತು. ಆದರೂ ಹೇಳಿದೆ. "ನೀನು ಅಲ್ಲಿ ಎದ್ದು ಕೂತರೆ ನಿಮ್ಮಪ್ಪನ ಕೈಲಿರೋ ಬ್ಯಾಟರಿ ಬೆಳಕೇನೂ ಜಾಸ್ತಿ ಆಗಲ್ಲ ಮಗಳೇ. ನೀನು ಎದ್ದಿರೋದು ಅವರಿಗೆ ಗೊತ್ತಾ?"

ಗೊತ್ತಿರಲಿಲ್ಲ. ಇವತ್ತೇ ಹೇಳು ಅಂದೆ. ಸಂಕಟ ಆಗ್ತಿದೆ ಅನ್ನೋದನ್ನೂ ಹೇಳು, ಅಂದೆ.

ನಾನು ಕೊಟ್ಟ ಸಲಹೆ ಬಹಳ ಸರಳ. ಈಗಲೇ, ನನ್ನ ಎದುರಿಗೇ, ವಾಚನ್ನು ಮೂರೂವರೆ ಗಂಟೆ ಹಿಂದಕ್ಕೆ ತಿರುಗಿಸು. ಸಂಜೆ ಬೆಳಕಿರುವ ಹೊತ್ತು ಹೊರಗಿರು, ನಮ್ಮ ಮೈಯ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಂತೆ ಹೊಂದಿಕೊಳ್ಳುತ್ತೆ. ಸಂಜೆ ಆರೂವರೆಗೆ ಏನೇ ಆಗಲಿ ಅಡುಗೆಮನೆಯಲ್ಲಿ ನಿಂತಿರು. ಮನೆಗೆ ದಿನಕ್ಕೆ ಒಂದೇ ಕಾಲ್, ಅಲ್ಲಿನ ಆರು ಗಂಟೆಗೆ. ಹಾಸ್ಟೆಲಿಗೆ ಬಂದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಇನ್ನು ಮೂರೇ ದಿನ ಇದೆ. ಅದಕ್ಕೆ ಕುಕ್ಕರ್ ದಿನ ಬಾಗಿಲು ಬಡಿದ ಹುಡುಗಿಯನ್ನೇ ಜೊತೆಗೆ ಕರೆ. ವಾಪಸ್ ಬರುವ ಮಾತು ಆರು ವಾರ ಬೇಡ.

ಸಾಲದ ಅಳುಕನ್ನು ಮೊದಲು ಮಾತಾಡಬೇಕಿತ್ತು ಅಂತ ಸಹೋದ್ಯೋಗಿಯೊಬ್ಬರು ಅಂದರು. ನಾನು ಒಪ್ಪುವುದಿಲ್ಲ. ಹನ್ನೊಂದು ದಿನ ನಿದ್ದೆಗೆಟ್ಟ, ಹಸಿದ ಮಗುವಿನ ಜೊತೆ ಸಾಲದ ಮಾತು ಎತ್ತಿದರೆ ಸಾಲ ಇನ್ನೂ ದೊಡ್ಡದಾಗಿ ಕಾಣುತ್ತೆ. ಮೊದಲು ಊಟ, ನಿದ್ದೆ. ಅವ್ವನಿಗೂ ನನ್ನ ಮೇಲೆ ಸಿಟ್ಟು ಬಂತು. "ಮಗಳ ಫೋನನ್ನೂ ಕಿತ್ಕೊಂಡ್ರಾ ಮೇಡಂ" ಅಂದರು. ಅವರ ನೋವು ನನಗೆ ಅರ್ಥವಾಗುತ್ತೆ. ಆದರೆ ದಿನಕ್ಕೆ ಐದು ಸಲ ಮನೆಯ ಮುಖ ನೋಡುವ ಮಗು ಅಲ್ಲಿ ಇಳಿಯುವುದೇ ಇಲ್ಲ. ಮೈ ಮಾತ್ರ ಅಲ್ಲಿರುತ್ತೆ.

ಒಂದು ಎಚ್ಚರಿಕೆ. ಎರಡು ವಾರ ಕಳೆದರೂ ನಿದ್ದೆ ಬರದಿದ್ದರೆ, ಇಲ್ಲವೇ ಬದುಕೇ ಬೇಡ ಅನ್ನುವ ಮಾತು ಬಂದರೆ, ಈ ಸಲಹೆ ಸಾಲದು. ಆಗ ಡಾಕ್ಟರೇ ಬೇಕು. ತುರ್ತಿಗೆ ಅಲ್ಲಿಯೂ 112, ಇಲ್ಲಿಯೂ 112. ಇಲ್ಲಿರುವ ಅಪ್ಪ ಅಮ್ಮಂದಿರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಅಪ್ಪನಿಗೆ ಹೇಳಿದಳಂತೆ. "ನೀನು ಪಿಯುಸಿಲಿದ್ದಾಗ್ಲೂ ನಾನು ರಾತ್ರಿ ಹೋಗ್ತಿದ್ದೆ ಮಗ, ಆಗ ನೀನು ಗೊರಕೆ ಹೊಡೀತಿದ್ದೆ. ಈಗ್ಲೂ ಹೊಡಿ" ಅಂದರಂತೆ.

ಅಕ್ಟೋಬರ್ ಕೊನೇ ಭಾನುವಾರ ರಾತ್ರಿ ಒಂಬತ್ತೂವರೆ ದಾಟಿತ್ತು. ಅವ್ವ ನನಗೆ ಫೋನ್ ಮಾಡಿದರು, ದನಿ ನಡುಗುತ್ತಿತ್ತು. ಮಗಳು ಫೋನ್ ಎತ್ತುತ್ತಿಲ್ಲ. "ಇವತ್ತಿಂದ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹಾಕಿದ್ದಾರೆ ಅಮ್ಮ. ಈಗ ಅಲ್ಲಿ ಐದೇ ಗಂಟೆ, ಆರಕ್ಕೆ ಎತ್ತುತ್ತಾಳೆ" ಅಂದೆ. ಸ್ವಲ್ಪ ಹೊತ್ತಿಗೆ ಅವರೇ ಮತ್ತೆ ಮಾಡಿದರು. ಮಗಳು ಫೋನನ್ನು ರೂಮಿನಲ್ಲಿ ಚಾರ್ಜಿಗೆ ಹಾಕಿ ಅಡುಗೆಮನೆಯಲ್ಲಿ ಇದ್ದಳಂತೆ. ಯಾರಿಗೋ ಉಪ್ಸಾರು ಮಾಡಿ ತೋರಿಸುತ್ತಿದ್ದಳಂತೆ.

"ಹಂಗಾದ್ರೆ ಇನ್ಮೇಲೆ ನಾಲ್ಕೂವರೆ ಕಳೀಬೇಕಾ ಮೇಡಂ?" ಅಂತ ಕೇಳಿದರು.

"ಮಾರ್ಚ್ ಕೊನೆವರೆಗೂ ನಾಲ್ಕೂವರೆ" ಅಂದೆ.