ಮಾಡ್ಯೂಲ್ ಒಡೆದ ಮೇಲೆ 404: ಕಂಟ್ರೋಲರ್‌ನ ತಪ್ಪಲ್ಲ

ಪ್ರಶ್ನೆ: ಜಾವಾದ ಸ್ಪ್ರಿಂಗ್ ಬೂಟ್ ಪ್ರಾಜೆಕ್ಟನ್ನು ಬಿಲ್ಡ್ ಸಾಧನವಾದ ಮೇವನ್‌ನಲ್ಲಿ ಆ್ಯಪ್, ಆರ್ಡರ್, ಕಾಮನ್ ಎಂದು ಮೂರು ಮಾಡ್ಯೂಲ್ ಮಾಡಿದ್ದೇನೆ. ಬಿಲ್ಡ್ ಆಗುತ್ತದೆ, ಸರ್ವರ್ ಏಳುತ್ತದೆ. ಆರ್ಡರ್ ಮಾಡ್ಯೂಲಿನ, ವೆಬ್ ಕೋರಿಕೆಗಳಿಗೆ ಉತ್ತರಿಸುವ ಕಂಟ್ರೋಲರ್‌ಗೆ ಮಾತ್ರ 404. ಯಾಕೆ?

ಉತ್ತರ: ಮತ್ತೆ ಇದೇ. ಎಲ್ಲರೂ ಕಂಟ್ರೋಲರ್ ಕೋಡ್ ಕಳಿಸುತ್ತೀರಿ. ನೋಡಬೇಕಾದ್ದು ಮೇನ್ ಕ್ಲಾಸಿನ ಪ್ಯಾಕೇಜ್ ಸಾಲು. ಬೂಟ್ ಜಾಲಾಡುವುದು ಮೇನ್ ಕ್ಲಾಸ್ ಇರುವ ಪ್ಯಾಕೇಜನ್ನು ಮತ್ತು ಅದರ ಕೆಳಗಿನವನ್ನು, ಅಷ್ಟೇ. ಮೇನ್ ಕ್ಲಾಸ್ ಕಾಮ್.ಅಂಗಡಿ.ಆ್ಯಪ್‌ನಲ್ಲಿ, ಕಂಟ್ರೋಲರ್ ಕಾಮ್.ಅಂಗಡಿ.ಆರ್ಡರ್‌ನಲ್ಲಿ ಇದ್ದರೆ ಅದು ಕಣ್ಣಿಗೇ ಬೀಳದು. ಬೀನ್ (ಸ್ಪ್ರಿಂಗ್ ತಾನೇ ರಚಿಸಿ ನಡೆಸುವ ವಸ್ತು) ಇಲ್ಲದ ಮೇಲೆ ರೂಟ್ (ಯುಆರ್‌ಎಲ್‌ನ ದಾರಿ) ಎಲ್ಲಿಂದ ಬರಬೇಕು? ಮೇನ್ ಕ್ಲಾಸಿನ ಪ್ಯಾಕೇಜನ್ನು ಕಾಮ್.ಅಂಗಡಿ ಎಂದು ಬದಲಿಸಿ. ಫೈಲ್ ಆ್ಯಪ್ ಮಾಡ್ಯೂಲಿನಲ್ಲೇ ಇರಲಿ.

‘ಸ್ಕ್ಯಾನ್‌ಬೇಸ್‌ಪ್ಯಾಕೇಜಸ್‌ಗೆ ಬರೀ ಕಾಮ್ ಅಂತ ಹಾಕಿ’ (ಎಲ್ಲಿ ಜಾಲಾಡಬೇಕೆಂದು ಹೇಳುವ ಸೆಟ್ಟಿಂಗ್ ಅದು) ಎನ್ನುವ ವಿಡಿಯೊ ಪಂಡಿತರನ್ನು ದೂರವಿಡಿ. ಕಾಮ್ ಎಂದು ಶುರುವಾಗುವ ಲೈಬ್ರರಿಗಳೆಲ್ಲ ಜಾಲಾಟಕ್ಕೆ ಸಿಕ್ಕಿ, ಯಾರದೋ ಕಾನ್ಫಿಗರೇಶನ್ ನಿಮ್ಮಲ್ಲಿ ನುಗ್ಗುತ್ತದೆ. ಸರಿಯಾದ ಹೆಸರು ಕೊಟ್ಟರೂ ಅರ್ಧ ಕೆಲಸವೇ, ಏಕೆಂದರೆ ಜೆಪಿಎ (ಡೇಟಾಬೇಸ್ ಜೊತೆ ವ್ಯವಹರಿಸುವ ಭಾಗ) ಹುಡುಕಾಟಕ್ಕೆ ಅದು ಅನ್ವಯಿಸದು. ಮೊದಲು ರೆಪಾಸಿಟರಿ ಬೀನ್ ಸಿಗದೆ ಸರ್ವರ್ ಬೀಳುತ್ತದೆ, ಎನೇಬಲ್‌ಜೆಪಿಎರೆಪಾಸಿಟರೀಸ್ ಸೇರಿಸಿದರೆ ‘ನಾಟ್ ಎ ಮ್ಯಾನೇಜ್ಡ್ ಟೈಪ್’ ಎಂಬ ದೋಷ, ಅದಕ್ಕೆ ಎಂಟಿಟಿಸ್ಕ್ಯಾನ್ ಎಂಬ ಇನ್ನೊಂದು ಸಾಲು. ತೇಪೆಯ ಮೇಲೆ ತೇಪೆ.

ಪ್ಯಾಕೇಜ್ ಸರಿಯಿದ್ದೂ 404 ಬಂದರೆ ಆ್ಯಪ್‌ನ ಪಾಮ್ (ಮೇವನ್‌ನ ಬಿಲ್ಡ್ ಫೈಲ್) ತೆರೆಯಿರಿ. ಪೇರೆಂಟ್ ಪಾಮ್‌ನ ಮಾಡ್ಯೂಲ್ಸ್ ಪಟ್ಟಿ ಹೇಳುವುದು ಏನೇನು ಬಿಲ್ಡ್ ಆಗಬೇಕು ಎಂಬುದನ್ನಷ್ಟೇ. ಕ್ಲಾಸ್‌ಪಾತ್‌ಗೆ (ಓಡುವಾಗ ಜಾವಾ ಕ್ಲಾಸುಗಳನ್ನು ಹುಡುಕುವ ಪಟ್ಟಿಗೆ) ಏನನ್ನೂ ಸೇರಿಸದು. ಆ್ಯಪ್‌ನ ಪಾಮ್‌ನಲ್ಲಿ ಆರ್ಡರ್ ಡಿಪೆಂಡೆನ್ಸಿ ಆಗಿರಲೇಬೇಕು. ಆ್ಯಪ್‌ನ ಕೋಡು ಆರ್ಡರ್‌ನಿಂದ ಏನನ್ನೂ ಇಂಪೋರ್ಟ್ ಮಾಡದಿದ್ದರೆ ಇದು ಬಿಟ್ಟುಹೋದರೂ ಕಂಪೈಲರ್ ತುಟಿ ಬಿಚ್ಚದು. ಕೊನೆಯ ಜಾರ್ ಬಿಚ್ಚಿ ಬೂಟ್-ಇನ್ಫ್ ಒಳಗಿನ ಲಿಬ್ ಫೋಲ್ಡರಿನಲ್ಲಿ ಆರ್ಡರ್ ಜಾರ್ ಇದೆಯೇ ನೋಡಿ.

ಸ್ಪ್ರಿಂಗ್ ಬೂಟ್‌ನ ಮೇವನ್ ಪ್ಲಗಿನ್ ಆ್ಯಪ್‌ನಲ್ಲಿ ಮಾತ್ರ ಇರಲಿ. ಎಲ್ಲ ಮಾಡ್ಯೂಲಿಗೂ ಹಂಚಿದರೆ ಆರ್ಡರ್‌ನಲ್ಲಿ ಮೇನ್ ಕ್ಲಾಸ್ ಸಿಗದೆ ರೀಪ್ಯಾಕೇಜ್ (ಓಡಿಸಬಲ್ಲ ಜಾರ್ ಕಟ್ಟುವ ಹಂತ) ನಿಲ್ಲುತ್ತದೆ. ಕೆಲವರು ಅಲ್ಲೊಂದು ಹುಸಿ ಮೇನ್ ಬರೆದು ಬುದ್ಧಿವಂತರಾಗುತ್ತಾರೆ. ಆಗ ಕ್ಲಾಸುಗಳೆಲ್ಲ ಬೂಟ್-ಇನ್ಫ್ ಒಳಗೆ ಸೇರಿ, ಆ್ಯಪ್ ‘ಪ್ಯಾಕೇಜ್ ಡಸ್ ನಾಟ್ ಎಗ್ಸಿಸ್ಟ್’ ಎಂದು ಬಿಲ್ಡೇ ಆಗದು.

ನನಗೆ ಬರೆಯುವ ಮೊದಲು ಲಾಗಿಂಗ್.ಲೆವೆಲ್.ವೆಬ್ ಅನ್ನು ಟ್ರೇಸ್‌ಗೆ ಇಟ್ಟು ಸರ್ವರ್ ಎಬ್ಬಿಸಿ. ನೋಂದಣಿಯಾದ ರೂಟ್‌ಗಳೆಲ್ಲ ಕಾಣುತ್ತವೆ. ನಿಮ್ಮದು ಅಲ್ಲಿಲ್ಲದಿದ್ದರೆ ಯುಆರ್‌ಎಲ್ ತಿದ್ದುತ್ತಾ ಕೂರಬೇಡಿ.

ಪ್ರಶ್ನೆ: ಮೇವನ್ ಲೈಬ್ರರಿಗಳನ್ನು ಇಳಿಸಿಡುವ ಡಾಟ್ ಎಂ2 ಫೋಲ್ಡರ್ ಅಳಿಸಿದರೆ ಸರಿಹೋಗುತ್ತದಂತೆ?

ಉತ್ತರ: ಇಂಟರ್ನೆಟ್ ಡೇಟಾ ಖಾಲಿಯಾಗುತ್ತದೆ.

ಪ್ರಶ್ನೆ: ಬೂಟ್ 3ಕ್ಕೆ ಹೋದ ಮೇಲೆ, ಕೊನೆಯಲ್ಲಿ ಸ್ಲ್ಯಾಷ್ ಇರುವ ಲಿಂಕುಗಳಿಗೆಲ್ಲ 404.

ಉತ್ತರ: ಬೂಟ್ 3 ಬಳಸುವ ಸ್ಪ್ರಿಂಗ್ 6ರಿಂದ ಆ ಸ್ಲ್ಯಾಷ್ ತಾನಾಗಿ ಹೊಂದುವುದಿಲ್ಲ. ಲಿಂಕ್ ತಿದ್ದಿ.

ಪ್ರಶ್ನೆ: ಪ್ರತಿ ಮಾಡ್ಯೂಲಿಗೂ ಅಪ್ಲಿಕೇಶನ್.ಪ್ರಾಪರ್ಟೀಸ್ ಇಡಬಹುದೇ?

ಉತ್ತರ: ಬೇಡ. ಕ್ಲಾಸ್‌ಪಾತ್‌ನಲ್ಲಿ ಮೊದಲು ಸಿಕ್ಕ ಒಂದನ್ನಷ್ಟೇ ಬೂಟ್ ಓದುತ್ತದೆ. ಉಳಿದವು ಇದ್ದೂ ಇಲ್ಲದಂತೆ. ಆ್ಯಪ್‌ನಲ್ಲಿ ಒಂದೇ ಇರಲಿ.