ಅಡಿಕೆ ಸುಲಿಯುವ ಕೈ ನಿಂತರೆ ಅದು ಒಳ್ಳೆ ಸಿನಿಮಾ

ಇತ್ತೀಚೆಗೆ ನೋಡಿದ ಸಿನಿಮಾಗಳಲ್ಲಿ ಯಾವುದು ಇಷ್ಟ ಆಯ್ತು, ಯಾವುದು ಆಗಲಿಲ್ಲ, ಮುಲಾಜಿಲ್ಲದೆ ಹೇಳಿ ಅಂತ ಕೇಳಿದ್ದೀರಿ. ಹೇಳ್ತೀನಿ. ಆದರೆ ನಾನು ಸಿನಿಮಾ ನೋಡುವ ಜಾಗ ಸ್ವಲ್ಪ ಬೇರೆ. ಅದನ್ನು ಮೊದಲೇ ಹೇಳಿಬಿಟ್ಟರೆ ಆಮೇಲೆ ಬೈಯುವವರಿಗೂ ಅನುಕೂಲ.

ನಮ್ಮದು ಶಿರಸಿಯಿಂದ ಬನವಾಸಿ ಕಡೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಚಳಿಗಾಲ ಬಂತೆಂದರೆ ಅಡಿಕೆ ಕೊಯ್ಲು. ಹಸಿ ಅಡಿಕೆ ಕೊಯ್ದ ಮೇಲೆ ತಡ ಮಾಡುವ ಹಾಗಿಲ್ಲ, ರಾತ್ರಿಯೇ ಸುಲಿದು ಮುಗಿಸಬೇಕು, ಬೆಳಿಗ್ಗೆ ಹಂಡೆಯಲ್ಲಿ ಬೇಯಿಸಬೇಕು. ಹಾಗಾಗಿ ರಾತ್ರಿ ಹನ್ನೊಂದು, ಹನ್ನೆರಡರವರೆಗೂ ಜಗುಲಿಯಲ್ಲಿ ಹತ್ತು ಹನ್ನೆರಡು ಜನ ಕತ್ತಿ ಮುಂದೆ ಕೂತಿರುತ್ತಾರೆ. ಮೊದಲು ರೇಡಿಯೋ ಇತ್ತು, ಆಮೇಲೆ ಯಕ್ಷಗಾನದ ಕ್ಯಾಸೆಟ್ ಬಂತು. ಈಗ ನಾನು ಕಂಬಕ್ಕೆ ಮೊಳೆ ಹೊಡೆದು ಒಂದು ಹಳೇ ಟಿವಿ ನೇತು ಹಾಕಿದ್ದೀನಿ. ಮನೆಯಲ್ಲಿ ನೆಟ್‌ವರ್ಕ್ ಸಿಗಲ್ಲ. ಪೇಟೆಗೆ ಹೋದಾಗ ಫೋನಿಗೆ ಡೌನ್‌ಲೋಡ್ ಮಾಡಿಕೊಂಡು ಬಂದು ಟಿವಿಗೆ ಚುಚ್ಚುತ್ತೇನೆ.

ಸುಲಿಯುವವರ ಕಣ್ಣು ಕತ್ತಿಯ ಮೇಲೆ ಇರಬೇಕು, ಇಲ್ಲದಿದ್ದರೆ ಬೆರಳು ಹೋಗುತ್ತೆ. ಅಂದರೆ ಅವರು ಮುಕ್ಕಾಲು ಪಾಲು ಸಿನಿಮಾವನ್ನು ಕಿವಿಯಲ್ಲೇ ನೋಡ್ತಾರೆ. ಸುಲಿದಷ್ಟಕ್ಕೆ ಅಳತೆ ಮೇಲೆ ದುಡ್ಡು ಬೇರೆ. ಕೈ ನಿಲ್ಲಿಸಿ ತಲೆ ಎತ್ತಿದರೆ ಅಷ್ಟು ಕೂಲಿ ಕಮ್ಮಿ. ಹೀಗಿದ್ದೂ ಕೈ ನಿಂತಿತು ಅಂದರೆ ಆ ದೃಶ್ಯದಲ್ಲಿ ಏನೋ ಇದೆ ಅಂತ ನನ್ನ ಲೆಕ್ಕ. ನಿಮ್ಮ ಸ್ಟಾರ್ ರೇಟಿಂಗ್‌ಗಿಂತ ನನಗೆ ಇದರ ಮೇಲೆ ನಂಬಿಕೆ ಜಾಸ್ತಿ.

‘ಸು ಫ್ರಮ್ ಸೋ’ ಬಗ್ಗೆ ಎಲ್ಲರೂ ಬರೆದಾಗಿದೆ, ನಾನು ಸುಮ್ನೆ ಎರಡು ಮಾತು ಹೇಳಿ ಮುಂದೆ ಹೋಗ್ತೀನಿ. 2025ರ ಜುಲೈನಲ್ಲಿ ಬಂದಾಗ ಟಾಕೀಸಿನಲ್ಲೇ ನೋಡಿದ್ದೆ, ಜಗುಲಿಯಲ್ಲಿ ಮತ್ತೆ ಹಾಕಿದೆ. ಜೆ.ಪಿ. ತುಮಿನಾಡು ಬರೆದ ಮಾತುಗಳು ಕಿವಿಗೇ ಸಾಕು. ಟಿವಿ ಆಫ್ ಮಾಡಿ ಸ್ಪೀಕರ್ ಒಂದೇ ಇಟ್ಟರೂ ನಗು ಬರುತ್ತೆ. ಆ ರವಿಯಣ್ಣ ಇದ್ದಾನಲ್ಲ, ಊರಿಗೊಬ್ಬ ಅಂಥವ ಇರ್ತಾನೆ. ಮದುವೆಯಾಗಿಲ್ಲ, ಎಲ್ಲರ ಮನೆ ಕೆಲಸಕ್ಕೂ ಮುಂದೆ, ಎಲ್ಲದರಲ್ಲೂ ಅವನದೇ ಮಾತು ನಡೆಯಬೇಕು. ನಮ್ಮೂರಿನವನ ಹೆಸರು ಹೇಳಿ ಎಲ್ಲರೂ ನಕ್ಕರು, ಅವನೂ ಅಲ್ಲೇ ಕೂತು ಸುಲೀತಾ ಇದ್ದ. ಕೊನೆಗೆ ಕಥೆ, ದೆವ್ವವಾಗಿ ಬಂದಿದ್ದಾಳೆ ಅಂತ ಊರೇ ನಂಬಿದ ಸುಲೋಚನಳ ಮಗಳ ಕಡೆ ಹೊರಳುವಲ್ಲಿ ನನಗೆ ಸ್ವಲ್ಪ ಅವಸರ ಅನ್ನಿಸಿತು. ಅಷ್ಟು ಹೊತ್ತು ಗಂಡಸರ ಪೋಕರಿ ತೋರಿಸಿ, ಆ ಹುಡುಗಿಗೆ ಕೊಟ್ಟ ಜಾಗ ಕಮ್ಮಿಯಾಯ್ತು. ಆದರೂ ಮೂರನೇ ಸಲ ಕೇಳಿದರೂ ಹಾಕ್ತೀನಿ.

‘ಕಾಂತಾರ ಚಾಪ್ಟರ್ 1’ ವಿಷಯಕ್ಕೆ ಬರ್ತೀನಿ, ಜಗಳ ಇರೋದು ಇಲ್ಲೇ. ಇದರ ಕಥೆ ಕದಂಬರ ಕಾಲದ್ದು. ಕದಂಬರ ರಾಜಧಾನಿ ಬನವಾಸಿ ನಮ್ಮ ತಾಲೂಕಿನಲ್ಲೇ ಇದೆ ಸ್ವಾಮಿ. ಮಧುಕೇಶ್ವರ ದೇವಸ್ಥಾನಕ್ಕೆ ನಾವು ಸ್ಕೂಟರಿನಲ್ಲಿ ಹೋಗಿ ಬರ್ತೀವಿ. ಹಾಗಾಗಿ ಅಕ್ಟೋಬರ್ 2ಕ್ಕೆ ಬಿಡುಗಡೆ ಅಂದಾಗ ಊರಲ್ಲಿ ಒಂಥರಾ ನಮ್ಮನೆ ಕಾರ್ಯದ ಉಮೇದು. ನೂರು ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಜೀಪು ಮಾಡಿಕೊಂಡು ಹೋದೆವು. ಟಾಕೀಸಿನ ಹೆಸರು ಬೇಡ. ಪರದೆ ಮೇಲೆ ಬೆಳಕು ಎಷ್ಟು ಮಂಕು ಅಂದರೆ ರಾತ್ರಿಯ ದೃಶ್ಯಗಳಲ್ಲಿ ಯಾರು ಯಾರಿಗೆ ಹೊಡೀತಿದ್ದಾರೆ ತಿಳಿಯದೆ ಪಕ್ಕದವರನ್ನು ಕೇಳಬೇಕಾಯ್ತು.

ಅದನ್ನು ಬಿಟ್ಟು ಹೇಳ್ತೀನಿ. ದುಡಿಮೆ ಕಾಣುತ್ತೆ, ಕಾಡು ಕಾಣುತ್ತೆ, ರುಕ್ಮಿಣಿ ವಸಂತ್ ಕತ್ತಿ ಹಿಡಿದರೂ ಚೆಂದ, ಜಯರಾಮ್ ರಾಜನಾಗಿ ಚೆನ್ನಾಗಿದ್ದಾರೆ. ಆದರೆ ಎಲ್ಲ ದೃಶ್ಯವೂ ಕ್ಲೈಮ್ಯಾಕ್ಸ್ ಆಗಲು ಹೊರಟರೆ ಉಸಿರು ಬಿಡೋದು ಯಾವಾಗ? ಯಕ್ಷಗಾನದಲ್ಲಿ ಚಂಡೆ ಯಾವಾಗಲೂ ಬಾರಿಸಲ್ಲ. ಭಾಗವತರು ಮದ್ದಳೆಯೊಂದಿಗೇ ಒಂದು ಪದ ಎಳೆದು ಎಳೆದು ಹಾಡಿ, ನಮಗೆ ತೂಕಡಿಕೆ ಬರುವ ಹೊತ್ತಿಗೆ ಚಂಡೆ ಬೀಳುತ್ತೆ. ಆಗ ಮೈ ಜುಂ ಅನ್ನುತ್ತೆ. ಇಲ್ಲಿ ಮೊದಲಿನಿಂದ ಕೊನೆತನಕ ಚಂಡೆಯೇ. ಅಪ್ಪಯ್ಯನಿಗೆ ಕೇಳಿದರೆ, "ರಾಜ್‌ಕುಮಾರ್ ಮಯೂರ ಮಾಡಿದ್ದ, ಅದು ಕದಂಬರ ಸಿನಿಮಾ" ಅಂದುಬಿಟ್ಟ. ಅವನ ಮಟ್ಟಿಗೆ 1975ಕ್ಕೇ ಆ ವಿಷಯ ಮುಗಿದಿದೆ.

2022ರ ಮೊದಲ ‘ಕಾಂತಾರ’ ಬೇರೆ. ಅದರ ಕೊನೆಯ ಇಪ್ಪತ್ತು ನಿಮಿಷ ಜಗುಲಿಯಲ್ಲಿ ಒಂದು ಅಡಿಕೆಯೂ ಸುಲಿಯಲಿಲ್ಲ, ಇದನ್ನು ನಾನು ಬರೆದುಕೊಡ್ತೀನಿ. ರಿಷಬ್‌ಗೆ ರಾಷ್ಟ್ರಪ್ರಶಸ್ತಿ ಬಂದಾಗ ನಮ್ಮಲ್ಲಿ ಯಾರಿಗೂ ಆಶ್ಚರ್ಯ ಆಗಲಿಲ್ಲ. ಆದರೆ ನಮ್ಮವರ ಕೈ ದೈವಕ್ಕಿಂತ ಮೊದಲೇ ಒಂದು ಸಲ ನಿಂತಿತ್ತು. ಅರಣ್ಯ ಇಲಾಖೆಯವರು ಬಂದು ಗಡಿ ಗುರುತು ಮಾಡುವಲ್ಲಿ. ನಮ್ಮ ಕಡೆ ಭೂತಕೋಲ ಇಲ್ಲ, ಇರೋದು ಚೌಡಿ, ಜಟಕ, ಮಾರಿ. ಆದರೆ ‘ಅತಿಕ್ರಮಣ’ ಅನ್ನುವ ಶಬ್ದ ಇಲ್ಲಿ ಮಕ್ಕಳಿಗೂ ಗೊತ್ತು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಬಹುಪಾಲು ಅರಣ್ಯ, ಅದರ ನಡುವೆ ಮೂರು ತಲೆಮಾರಿನಿಂದ ಉಳುತ್ತಿರುವವನ ಕೈಯಲ್ಲಿ ಪಟ್ಟಾ ಇಲ್ಲ, ಅರ್ಜಿ ಮಾತ್ರ ಇದೆ. ಸಿನಿಮಾದಲ್ಲಿ ಕಿಶೋರ್ ಮಾಡಿದ ಅಧಿಕಾರಿ ಕೊನೆಗೆ ಕೆಟ್ಟವನಲ್ಲ, ಕೆಟ್ಟವನು ನಗುನಗುತ್ತಾ ಊಟ ಹಾಕುವ ಧಣಿ. ಅಚ್ಯುತ್ ಕುಮಾರ್ ಆ ನಗುವನ್ನು ಎಷ್ಟು ಚೆನ್ನಾಗಿ ಮಾಡಿದ್ದಾರೆ ಅಂದರೆ ನಮ್ಮ ಜಗುಲಿಯ ಆ ಕಡೆ ಕೂತ ಕೆಲಸದವರು ಒಮ್ಮೆ ಅಪ್ಪಯ್ಯನ ಕಡೆ ನೋಡಿದರು. ಅಪ್ಪಯ್ಯ ಕವಳ ಹಾಕುವ ನೆಪದಲ್ಲಿ ಒಳಗೆ ಹೋದ.

‘ಸಪ್ತ ಸಾಗರದಾಚೆ ಎಲ್ಲೋ’ ಇಷ್ಟ ಆಗದವರು ಹೃದಯ ಇಲ್ಲದವರು ಅಂತ ಒಂದು ವಾದ ಇದೆ. ಸೈಡ್ ಎ, ಅಂದರೆ ಮೊದಲ ಭಾಗ, ನನಗೂ ಬಹಳ ಇಷ್ಟ. ಚರಣ್ ರಾಜ್ ಸಂಗೀತ, ರುಕ್ಮಿಣಿಯ ಕಣ್ಣು, ಜೈಲಿನ ಭೇಟಿಯ ದೃಶ್ಯಗಳು. ಸೈಡ್ ಬಿ ನೋಡುವಾಗ ಮಾತ್ರ ತಾಳ್ಮೆ ಹೋಯ್ತು. ಇಷ್ಟು ವರ್ಷ ಆದಮೇಲೆ, ಮದುವೆಯಾಗಿ ಸಂಸಾರ ಮಾಡ್ತಾ ಇರುವವಳ ಹಿಂದೆ ಕದ್ದು ಸುತ್ತೋದು ಪ್ರೀತಿನಾ? ನಾಯಕನ ಕಣ್ಣೀರು ತೋರಿಸಿದ ಮಾತ್ರಕ್ಕೆ ನಾವು ಮಾಫಿ ಮಾಡಬೇಕಾ? ನಮ್ಮ ಅತ್ತೆ ಒಂದೇ ಮಾತಲ್ಲಿ ಮುಗಿಸಿದಳು: "ಆ ಮಾಣಿಗೆ ಬುದ್ಧಿ ಇಲ್ಲೆ." ಇನ್ನೊಂದು, ನಾನು ನಾಲ್ಕು ವರ್ಷ ಕಾರವಾರದಲ್ಲಿ ಕೆಲಸ ಮಾಡಿದವ. ದಿನಾ ಸಮುದ್ರ ನೋಡಿದವನಿಗೆ ಸಮುದ್ರದ ಪಕ್ಕದ ಮನೆಯ ಕನಸು ಅಷ್ಟು ನಾಟಲ್ಲ. ಕಿಟಕಿಯ ಸರಳು ತುಕ್ಕು ಹಿಡಿಯೋದೇ ನೆನಪಾಗುತ್ತೆ.

ಈಗ ‘ಮಂಜುಮ್ಮೆಲ್ ಬಾಯ್ಸ್’. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ, ಯಾಕಂದ್ರೆ ಇದಕ್ಕೆ ನಮ್ಮಲ್ಲಿ ಒಬ್ಬ ಪರಿಣಿತ ವಿಮರ್ಶಕ ಸಿಕ್ಕ. 2006ರಲ್ಲಿ ನಿಜವಾಗಿ ನಡೆದ ಘಟನೆ. ಕೇರಳದ ಒಂದು ಗೆಳೆಯರ ಗುಂಪು ಕೊಡೈಕೆನಾಲ್‌ಗೆ ಹೋಗುತ್ತೆ, ಗುಣ ಗುಹೆಯಲ್ಲಿ ಒಬ್ಬ ಆಳದ ಬಿಲಕ್ಕೆ ಬೀಳ್ತಾನೆ, ಇನ್ನೊಬ್ಬ ಹಗ್ಗ ಕಟ್ಟಿಕೊಂಡು ಇಳಿದು ಅವನನ್ನು ತರ್ತಾನೆ. ಮಲಯಾಳಂನಲ್ಲೇ ಹಾಕಿದ್ದೆ, ನಾನು ಮಧ್ಯೆ ಮಧ್ಯೆ ಕನ್ನಡದಲ್ಲಿ ಹೇಳ್ತಾ ಹೋದೆ. ಮೊದಲ ಅರ್ಧ ಗಂಟೆ ಯಾರೂ ತಲೆ ಎತ್ತಲಿಲ್ಲ. ಹುಡುಗರ ಗಲಾಟೆ, ಕುಡಿತ, ಅಷ್ಟೇ ಅಲ್ವಾ?

ಹುಡುಗ ಬಿದ್ದ ಮೇಲೆ ನಮ್ಮ ಕೊನೆಗೌಡ ಕತ್ತಿಯಿಂದ ಎದ್ದ. ಗೊತ್ತಿಲ್ಲದವರಿಗೆ ಹೇಳ್ತೀನಿ, ಅಡಿಕೆ ಮರ ಹತ್ತಿ ಕೊನೆ ಇಳಿಸುವವನನ್ನು ನಮ್ಮಲ್ಲಿ ಕೊನೆಗೌಡ ಅಂತಾರೆ. ಅರವತ್ತು ಅಡಿ ಎತ್ತರದಲ್ಲಿ ಒಂದು ಮರದಿಂದ ಇನ್ನೊಂದು ಮರಕ್ಕೆ ತೂಗಿ ದಾಟುವವ. ಹಗ್ಗದ ಮೇಲೆ ಜೀವ ಇಟ್ಟವ. ಅವನು ಟಿವಿ ಹತ್ತಿರ ಹೋಗಿ, ಮೂಗು ಪರದೆಗೆ ತಾಗುವಷ್ಟು ಹತ್ತಿರ, ನಿಂತುಬಿಟ್ಟ. ಹಿಂದೆ ಕೂತವರಿಗೆ ಅವನ ಬೆನ್ನೇ ಸಿನಿಮಾ. ಯಾರೂ ಬೈಯಲಿಲ್ಲ. ಕುಟ್ಟನ್ ಇಳಿಯುವಾಗ "ಹಗ್ಗ ಕಲ್ಲಿಗೆ ಉಜ್ತದೆ ಹೆಗ್ಡೇರೇ, ಅಲ್ಲಿ ಗೋಣಿ ಹಾಕಬೇಕಿತ್ತು" ಅಂದ. ಮೇಲಿನವರು ಎಳೆಯುವಾಗ ಅವನ ಎರಡೂ ಕೈ ಮುಷ್ಟಿಯಾಗಿ ಹೊಟ್ಟೆ ಹತ್ತಿರ ಬಂದಿದ್ದವು, ಅವನಿಗೇ ಗೊತ್ತಿಲ್ಲದೆ. ಆ ಹುಡುಗರು ಹಗ್ಗಜಗ್ಗಾಟದ ತಂಡದವರು, ನಿರ್ದೇಶಕ ಚಿದಂಬರಂ ಅದನ್ನು ಮೊದಲೇ ಒಂದು ಕಡೆ ತೋರಿಸಿ ಇಟ್ಟಿರ್ತಾರೆ. ನಾವು ಮರೆತಿರ್ತೀವಿ. ಅವನು ಮರೆತಿರಲಿಲ್ಲ. "ಅದಕ್ಕೇ ಮತ್ತೆ, ಎಳೆಯೋದು ಗೊತ್ತಿದ್ದವರು" ಅಂತ ಅಂದ. ಮುಗಿದ ಮೇಲೆ ತನ್ನ ಜಾಗಕ್ಕೆ ಬಂದು ಕೂತು, ಇದುವರೆಗೆ ಎಷ್ಟು ಸಲ ಹಗ್ಗ ಜಾರಿದೆ ಅಂತ ಒಂದೊಂದೇ ಹೇಳತೊಡಗಿದ. ಇಪ್ಪತ್ತು ವರ್ಷದಿಂದ ನಮ್ಮನೆ ತೋಟಕ್ಕೆ ಬರ್ತಾನೆ, ಅಷ್ಟು ಮಾತಾಡಿದ್ದು ನಾನು ಕೇಳಿರಲಿಲ್ಲ.

‘ಭ್ರಮಯುಗಂ’ ನನಗೆ ತುಂಬಾ ಇಷ್ಟ. ಮಮ್ಮುಟ್ಟಿ, ಕಪ್ಪು ಬಿಳುಪು, ಹಳೇ ಮನೆ, ಬಿಡದ ಮಳೆ. ಜಗುಲಿಯಲ್ಲಿ ಮಾತ್ರ ಸೋತಿತು. ಬಣ್ಣ ಇಲ್ಲ ಅಂತ ಅರ್ಧದಲ್ಲೇ ತೆಗೆಸಿದರು. ನಾನು ಒಬ್ಬನೇ ಮಳೆಗಾಲದಲ್ಲಿ ಕರೆಂಟು ಇದ್ದಾಗ ನೋಡಿ ಮುಗಿಸಿದೆ.

ಇನ್ನು ನನ್ನ ಅಭಿಪ್ರಾಯವೇ ಬದಲಾದ ಸಿನಿಮಾ. ‘ಲಾಪತಾ ಲೇಡೀಸ್’ ಹಾಕಿದ ದಿನ ಎಲ್ಲರಿಗೂ ಖುಷಿ. ಮುಖ ಮುಚ್ಚುವ ಘೂಂಘಟ್‌ನಿಂದಾಗಿ ಮದುಮಗಳು ಅದಲುಬದಲಾಗುವ ಕಥೆ, ಗೊತ್ತಲ್ಲ. ರೈಲ್ವೆ ಸ್ಟೇಷನ್ನಿನಲ್ಲಿ ಚಹಾದಂಗಡಿ ಇಟ್ಟುಕೊಂಡ ಮಂಜು ಮಾಯಿ ಅತ್ತೆಗೆ ಬಹಳ ಹಿಡಿಸಿದಳು. ಅತ್ತೆಯೂ ಒಂಟಿ, ಅವಳದೂ ಅದೇ ಥರದ ನೇರ ಬಾಯಿ. ಆ ಪಾತ್ರ ಮಾಡಿದ್ದು ಛಾಯಾ ಕದಂ. ಆಮೇಲೆ ನಾನು ಪಾಯಲ್ ಕಪಾಡಿಯಾ ಅವರ ‘ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್’ ತಂದೆ. 2024ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಗ್ರ್ಯಾನ್ ಪ್ರಿ ಪ್ರಶಸ್ತಿ ಗೆದ್ದದ್ದು. ನಿಜ ಹೇಳ್ತೀನಿ, ನಾನು ಅದನ್ನು ಮೊದಲು ಒಬ್ಬನೇ ನೋಡಿದಾಗ ಚೆನ್ನಾಗಿದೆ ಆದರೆ ನಿಧಾನ, ನಮ್ಮವರಿಗಲ್ಲ ಅಂತ ತೀರ್ಮಾನ ಮಾಡಿದ್ದೆ. ಆ ದಿನ ಡೌನ್‌ಲೋಡ್ ಆಗಿದ್ದು ಬೇರೆ ಏನೂ ಇರಲಿಲ್ಲ. ‘ಮಂಜು ಮಾಯಿ ಇದರಲ್ಲೂ ಇದ್ದಾಳೆ’ ಅಂತ ಆಸೆ ತೋರಿಸಿ ಹಾಕಿದೆ.

"ಇದರಲ್ಲಿ ಎಂತದೂ ಆಗ್ತಾ ಇಲ್ಲೆ ಅಲ್ದನಾ" ಅಂತ ಅತ್ತೆ ಎರಡು ಸಲ ಅಂದಳು. ಮುಂಬೈ ಆಸ್ಪತ್ರೆ, ಇಬ್ಬರು ಮಲಯಾಳಿ ನರ್ಸ್‌ಗಳು, ಮಳೆ, ಲೋಕಲ್ ಟ್ರೇನು. ಎಲ್ಲರೂ ಸುಲೀತಾ ಇದ್ದರು, ಕತ್ತಿಯ ಸದ್ದೇ ಜಾಸ್ತಿ. ಆಮೇಲೆ ಪಾರ್ವತಿಯ ಮನೆಯ ವಿಷಯ ಬಂತು. ಆಸ್ಪತ್ರೆಯಲ್ಲಿ ಅಡುಗೆ ಮಾಡುವವಳು. ಎಷ್ಟೋ ವರ್ಷದಿಂದ ಇದ್ದ ಮನೆ ಬಿಲ್ಡರ್ ಪಾಲಾಗ್ತಾ ಇದೆ. ಸತ್ತ ಗಂಡ ಕಾಗದಪತ್ರ ಒಂದೂ ಇಟ್ಟು ಹೋಗಿಲ್ಲ, ಅವಳು ಅಲ್ಲಿದ್ದಳು ಅನ್ನೋದಕ್ಕೇ ಸಾಕ್ಷಿ ಇಲ್ಲ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಹೇಳಿದ ಮೇಲೆ ನೋಡ್ತೀನಿ, ಸದ್ದು ನಿಂತಿದೆ. ಒಬ್ಬರದಲ್ಲ, ಸಾಲಾಗಿ ಎಲ್ಲರದೂ. ಆಚೆ ಕೂತ ಒಬ್ಬಾಕೆ, ಅವಳ ಗಂಡನ ಅತಿಕ್ರಮಣದ ಅರ್ಜಿ ಇನ್ನೂ ಓಡಾಡ್ತಾ ಇದೆ, "ಮತ್ತೆಂತ ಮಾಡಿದ್ಲು?" ಅಂತ ಕೇಳಿದಳು. ಮುಂಬೈ ಬಿಟ್ಟು ರತ್ನಾಗಿರಿಯ ತನ್ನ ಊರಿಗೆ ಹೋದಳು ಅಂದೆ. ಮುಂದಿನ ಭಾಗ ಎಲ್ಲ ಆ ಕಡಲ ಊರಿನದೇ. ಕೆಂಪು ಮಣ್ಣು, ಹಂಚಿನ ಮನೆ, ಕಾಡು, ದಡ. ನಮ್ಮ ಕುಮಟಾ, ಗೋಕರ್ಣದ ಹಾಗೆಯೇ. ಮರಾಠಿ ಮಾತು ಬಂದಾಗ ಕೊಂಕಣಿ ಬಲ್ಲವರು ನನಗಿಂತ ಮೊದಲೇ ಅರ್ಥ ಹೇಳಿದರು.

ಆ ಸಿನಿಮಾಕ್ಕೆ ನಾನು ಕೊಟ್ಟಿದ್ದ ‘ನಮ್ಮವರಿಗಲ್ಲ’ ಅನ್ನುವ ಸರ್ಟಿಫಿಕೇಟ್ ವಾಪಸ್ ತಗೊಂಡೆ. ಫಿಲ್ಮ್ ಫೆಸ್ಟಿವಲ್ ಸಿನಿಮಾ, ಜನರ ಸಿನಿಮಾ ಅಂತ ಎರಡು ಡಬ್ಬಿ ಮಾಡಿ ವಾದ ಮಾಡುವವರ ಜತೆ ಈಗ ನಾನು ಸೇರಲ್ಲ.

ಒಂದು ತಕರಾರು ಇದ್ದೇ ಇದೆ. ನಮ್ಮ ಜಿಲ್ಲೆ ಕನ್ನಡ ಸಿನಿಮಾಕ್ಕೆ ಅನಂತನಾಗ್, ಶಂಕರನಾಗ್ ಸಹೋದರರನ್ನು ಕೊಟ್ಟಿದೆ, ಗೋಕರ್ಣದ ಜಯಂತ ಕಾಯ್ಕಿಣಿಯವರ ಹಾಡುಗಳನ್ನು ಕೊಟ್ಟಿದೆ. ಆದರೆ ಸಿನಿಮಾದವರು ಇಲ್ಲಿಗೆ ಬರೋದು ಜಲಪಾತಕ್ಕೆ, ಬಂಡೆಗೆ, ಬೀಚಿಗೆ. ‘ನಮ್ಮೂರ ಮಂದಾರ ಹೂವೆ’ ಬಂದ ಮೇಲೆ ಯಾಣಕ್ಕೆ ಜನ ಮುಗಿಬಿದ್ದರು, ಚೆನ್ನಾಗಿಯೇ ಇತ್ತು. ಆದರೆ ಇಲ್ಲಿಯ ಮಾತು, ಇಲ್ಲಿಯ ಅರ್ಜಿ, ಇಲ್ಲಿಯ ಜಗುಲಿ? ಮಂಗಳೂರು, ಕುಂದಾಪುರದ ಕನ್ನಡ ಪರದೆ ಮೇಲೆ ಬಂದಾಗಿದೆ, ಮಂಡ್ಯದ್ದು ಬಂದಾಗಿದೆ. ನಮ್ಮದು ಕೇಳಿಸಬೇಕಾದರೆ ರತ್ನಾಗಿರಿಯ ಕಥೆಯಲ್ಲಿ ಹುಡುಕಬೇಕಾಯ್ತು.

ಮೊನ್ನೆ ಅತ್ತೆ ಕೇಳಿದಳು, ಆ ಹೆಂಗಸಿನದು ಇನ್ನೊಂದು ಸಿನಿಮಾ ಇದ್ದಾ ಅಂತ. ಇದೆ. ನಾಗರಾಜ್ ಮಂಜುಳೆಯವರ ‘ಫ್ಯಾಂಡ್ರಿ’ಯಲ್ಲಿ ಛಾಯಾ ಕದಂ ತಾಯಿ ಪಾತ್ರ ಮಾಡಿದ್ದಾರೆ. ಹಂದಿ ಹಿಡಿಯುವ ಮನೆಯವರ ಕಥೆ, ಊರವರೆಲ್ಲ ನಿಂತು ನೋಡಿ ನಗುವ ಕಥೆ. ನಮ್ಮ ಜಗುಲಿಯಲ್ಲಿ ಈಗಲೂ ಕೆಲಸದವರು ಆ ಕಡೆ, ನಾವು ಈ ಕಡೆ ಕೂರೋದು, ನಡುವೆ ಅಡಿಕೆ ರಾಶಿ. ಹಾಕ್ತೀನಿ ಅಂತ ಅತ್ತೆಗೆ ಹೇಳಿದ್ದೀನಿ. ಡೌನ್‌ಲೋಡ್ ಇನ್ನೂ ಮಾಡಿಲ್ಲ.